ಹಿಲ್ಟ್ಯೆಯ ಇತಿಹಾಸವೂ ಮಾವನ ಕೊಟ್ಟಿಗೆಯೂ

ಅಜ್ಜಿಯ ಹುಟ್ಟುಹಬ್ಬಕ್ಕೆ ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಅರ್ಧ ಜನ ಸುತ್ತಲೂ ಕುರ್ಚಿ ಹಾಕಿ ಕೂತಿದ್ದರು. ಆ ಸುತ್ತಿನಿಂದ ಸತ್ತರೂ ಏಳುವಂತಿಲ್ಲ. ಮೊಮ್ಮಗಳು ಹಿಲ್ಟ್ಯೆ ಕೇಕಿನ ತಟ್ಟೆ ಹಿಡಿಯುವಷ್ಟರಲ್ಲಿ ಅದೇ ಪ್ರಶ್ನೆ ಸಾವಿರದನೆಯ ಸಲ ಬಂತು.

“ಇತಿಹಾಸ ಓದಿ ಏನಾಗ್ತೀಯೇ? ರಾಣಿನಾ?” ಎಂದ ವೀಬೆ ಮಾವ.

“ಬಂದರು ಕಚೇರೀಲಿ ಕೆಲಸ ಮಾಡ್ತಿದೀನಲ್ಲ ಮಾವ! ಎಷ್ಟು ಸಲ ಹೇಳ್ಲಿ?”

“ಅದು ಸರಿ. ಆದ್ರೆ ಏನಾಗ್ತೀಯ?”

ಹಲ್ಲು ಕಡಿಯುತ್ತ ಹಿಲ್ಟ್ಯೆ, ಕೊಟ್ಟಿಗೆ ಕೆಡವಬೇಕೆಂದು ಪುರಸಭೆ ಮಾವನಿಗೆ ಕಳಿಸಿದ್ದ ಪತ್ರವನ್ನು ಅವನ ಜೇಬಿನಿಂದ ಕಸಿದುಕೊಂಡಳು. ಸಮುದ್ರದ ತಡೆಗೋಡೆಯಷ್ಟು ಉದ್ದದ ಆ ಪತ್ರ ಮೂರು ತಿಂಗಳಿಂದ ಯಾರಿಗೂ ಅರ್ಥವಾಗಿರಲಿಲ್ಲ. ಅವಳು ಓದಿದಳು, ಫೋನಿನಲ್ಲಿ ಹಳೆಯ ನಕ್ಷೆ ಹುಡುಕಿದಳು.

“ನೂರು ವರ್ಷ ದಾಟಿದ್ರೆ ಕೆಡವೋ ಹಾಗಿಲ್ಲ ಅಂತ ಇವರೇ ಬರೆದಿದಾರೆ. ನೂರಿಪ್ಪತ್ತು ವರ್ಷದ ಹಿಂದಿನ ನಕ್ಷೇಲೇ ನಿಮ್ಮ ಕೊಟ್ಟಿಗೆ ಇದೆ, ನೋಡಿ!”

ಮಾವನ ಕಣ್ಣಲ್ಲಿ ಕಾಲುವೆ ಹರಿಯಿತು. “ಎಂಥಾ ತಲೆಯೇ ನಿಂದು! ಏನಾದ್ರೂ ಓದ್ಬೇಕಿತ್ತು ಕಣೇ ನೀನು!”