ಹುರುಪೆ ಮರಿ ಯಾರ ಮರಿ?

ಬಂದರಿನ ಪಕ್ಕದ ಆ ಕೇರಿಯಲ್ಲಿ ಆಗ ಯಾರ ಮನೆಗೆ ಹೋದರೂ ಒಂದೇ ಮಾತು. ದೋಣಿ ತುಂಬಿಕೊಂಡು ಹೋಗುತ್ತಿದ್ದುದು ಡೀಸೆಲ್, ತುಂಬಿಕೊಂಡು ಬರುತ್ತಿದ್ದುದು ಗಾಳಿ. ಗಾಳ ಹಾಕುವ ಗಂಡಸರು ಕಟ್ಟೆಯ ಮೇಲೆ ಕೂತು ಸಮುದ್ರವನ್ನು ಬೈಯುತ್ತಿದ್ದರು. ಸಮುದ್ರಕ್ಕೆ ಕಿವಿ ಎಲ್ಲಿದೆ? ಮಿಕ್ಕ ಬೈಗುಳವನ್ನು ಮನೆಗೆ ತಂದು ಹೆಂಡತಿಗೆ ಕೊಡುತ್ತಿದ್ದರು.

ಆ ಕೇರಿಯ ಹೆಂಗಸರಲ್ಲಿ ಬಹಳ ಮಂದಿ ಮೀನು ಡಬ್ಬಿ ಕಾರ್ಖಾನೆಗೆ ಹೋಗುವವರು. ಅವರಲ್ಲಿ ಯಾಕಮ್ಮನೂ ಒಬ್ಬಳು. ಅದು ಅವಳ ಹೆಸರಲ್ಲ. ಮಾತು ಕಲಿತಾಗಿನಿಂದ ಏನು ಕಂಡರೂ "ಯಾಕೆ? ಯಾಕೆ?" ಎಂದು ಕೇಳಿ ಎಲ್ಲರ ತಲೆ ತಿಂದದ್ದಕ್ಕೆ ಸಿಕ್ಕ ಬಹುಮಾನ. ಈಗ ಹೆತ್ತ ತಾಯಿಯೇ ಅವಳನ್ನು ಹಾಗೆ ಕೂಗುವುದು.

ಕಾರ್ಖಾನೆಯಲ್ಲಿ ಬೇಯಿಸಿ ಆರಿಸಿದ ಟ್ಯೂನಾ ಮೀನು ಉದ್ದನೆಯ ಸ್ಟೀಲ್ ಮೇಜಿಗೆ ಬರುತ್ತದೆ. ತಲೆ ತೆಗೆಯಬೇಕು, ಚರ್ಮ ಕೆರೆಯಬೇಕು, ನಡುಮುಳ್ಳು ಎಳೆಯಬೇಕು. ಬಿಳಿ ಮಾಂಸ ಮನುಷ್ಯರ ಡಬ್ಬಿಗೆ, ಕಪ್ಪು ಮಾಂಸ ಬೆಕ್ಕಿನ ಡಬ್ಬಿಗೆ. ಈ ಕೆಲಸದಲ್ಲಿ ಯಾಕಮ್ಮನ ಕೈ ಎಷ್ಟು ಪಳಗಿತ್ತೆಂದರೆ ಕಣ್ಣು ಪಕ್ಕದವಳ ಮೇಲೆ, ಬಾಯಿ ಎದುರಿನವಳ ಜೊತೆ, ಚೂರಿ ಮಾತ್ರ ಮೀನಿನ ಮೇಲೆ ಇರುತ್ತಿತ್ತು.

ಆ ಮೀನುಗಳಲ್ಲಿ ಎರಡು ಬಗೆ. ಒಂದರ ಚರ್ಮ ನುಣುಪು, ಒಂದೇ ಎಳೆತಕ್ಕೆ ಬರುತ್ತದೆ. ಇನ್ನೊಂದರ ಮೈತುಂಬ ಹುರುಪೆ. ಚೂರಿಗೆ ಕರಕರ ಸಿಕ್ಕಿ ಕೆಲಸ ನಿಧಾನ ಮಾಡುತ್ತದೆ. ಅದಕ್ಕೆ ಹೆಂಗಸರೆಲ್ಲ ಸೇರಿ "ಹುರುಪೆ ಮರಿ" ಎಂದು ಹೆಸರಿಟ್ಟಿದ್ದರು. ಇದ್ಯಾವುದೋ ಗಿಡ್ಡ ಜಾತಿಯ ಮೀನು, ಇಷ್ಟೇ ಬೆಳೆಯುವುದು ಅಂತ ಎಲ್ಲರ ಲೆಕ್ಕ. ಯಾರೂ ಯಾರನ್ನೂ ಕೇಳಿರಲಿಲ್ಲ.

"ಅಲ್ಲ ಕಣೇ," ಎಂದಳು ಯಾಕಮ್ಮ ಒಂದು ದಿನ ಪಕ್ಕದವಳಿಗೆ. "ನುಣುಪು ಮೀನಲ್ಲಿ ದೊಡ್ಡದೂ ಬರುತ್ತೆ, ಸಣ್ಣದೂ ಬರುತ್ತೆ. ಈ ಹುರುಪೆ ಮರಿ ಮಾತ್ರ ಯಾವತ್ತೂ ಮೊಳದುದ್ದ ಯಾಕೆ?"

"ಅದನ್ನ ಮೀನಿಗೇ ಕೇಳು. ಬೆಂದು ಬಂದಿದೆ, ಉತ್ತರ ಬಿಸಿಬಿಸಿಯಾಗಿ ಸಿಗತ್ತೆ," ಎಂದಳು ಪಕ್ಕದವಳು.

ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಅವಳಲ್ಲೇ ಉಳಿಯಿತು.

ಆ ವಾರದ ರಜಾದಿನ ತಾಯಿಯ ಮನೆಯಲ್ಲಿ ಊಟ. ಯಾಕಮ್ಮನ ತಮ್ಮ ಗಾಳದ ದೋಣಿಯವನು. ತೀರಿಹೋದ ಅಪ್ಪನ ದೋಣಿ ಅದು. ಒಂದು ಗಾಳಕ್ಕೆ ಒಂದು ಮೀನು, ಒಂದೊಂದಾಗಿ ಎಳೆದು ಹಾಕುವ ಕೆಲಸ. ತಮ್ಮ ತಟ್ಟೆ ನೋಡುತ್ತಲೇ ಹೇಳಿದ:

"ದೋಣಿ ಮಾರ್ತೀನಿ. ನಾಡಿದ್ದು ನೋಡೋಕೆ ಜನ ಬರ್ತಾರೆ. ದೊಡ್ಡ ಬಲೆ ಹಡಗಲ್ಲಿ ಆಳು ಬೇಕಂತೆ, ಸೇರ್ಕೋತೀನಿ."

ಅಮ್ಮ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. "ಆ ಹಡಗು ಹತ್ತಿದವರು ತಿಂಗಳುಗಟ್ಟಲೆ ಮನೆ ಕಡೆ ಮುಖ ಹಾಕಲ್ಲ ಕಣೋ. ನಿಮ್ಮಪ್ಪನ ದೋಣಿ ಅದು."

"ಅಪ್ಪನ ಕಾಲದಲ್ಲಿ ಹಳದಿ ರೆಕ್ಕೆ ಮೀನಿತ್ತಮ್ಮ. ಒಂದೊಂದು ನನ್ನ ಸೊಂಟದೆತ್ತರ! ಈಗ ಎಲ್ಲಿದೆ? ಸಣ್ಣ ನುಣುಪು ಮೀನು ಸಿಗತ್ತೆ. ಅದಕ್ಕೆ ಕಾರ್ಖಾನೆಯವರು ಬಲೆ ಮೀನಿನ ರೇಟೇ ಕೊಡ್ತಾರೆ."

ಯಾಕಮ್ಮ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಅವಳ ಜಾತಕದಲ್ಲೇ ಇರಲಿಲ್ಲ.

"ಸಮುದ್ರದಲ್ಲಿ ಮೀನಿಲ್ಲ ಅಂತ ಮಾತ್ರ ನನ್ನ ಹತ್ರ ಹೇಳ್ಬೇಡ. ನನ್ನ ಮೇಜಿಗೆ ಬಂದು ನೋಡು. ಬೆಳಗಿಂದ ಸಂಜೆವರೆಗೂ ಕೆರೆದರೂ ಮುಗಿಯಲ್ಲ. ಮೀನು ಇದೆ ಕಣೋ, ನಿನಗೆ ಹಿಡಿಯೋಕೆ ಬರ್ತಿಲ್ಲ ಅಷ್ಟೆ. ಹೋಗಿ ಹಡಗು ಸೇರ್ಕೋ."

ತಮ್ಮ ಎದ್ದು ಕೈ ತೊಳೆದು ಹೊರಟೇಬಿಟ್ಟ. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು. ಅಮ್ಮ ಮಗಳ ಮುಖ ನೋಡಲಿಲ್ಲ. ಯಾಕಮ್ಮನಿಗೆ ತನ್ನ ನಾಲಿಗೆಯ ಮೇಲೆ ತನಗೇ ಸಿಟ್ಟು ಬಂತು.

ಮರುದಿನ ಕೆಲಸ ಮುಗಿದ ಕೂಡಲೇ ತಮ್ಮನನ್ನು ಸಮಾಧಾನ ಮಾಡಲು ಬಂದರಿಗೆ ಹೋದಳು. ಒಂದು ಕಡೆ ಬಲೆ ಹಡಗಿನಿಂದ ಕಾರ್ಖಾನೆಗೆ ಮೀನು ಇಳಿಯುತ್ತಿತ್ತು. ಇನ್ನೊಂದು ಕಡೆ ತಮ್ಮನ ದೋಣಿ. ನಡುವೆ ಮರದ ಅಳತೆ ಹಲಗೆ ಇಟ್ಟುಕೊಂಡು ಮೀನುಗಾರಿಕೆ ಇಲಾಖೆಯ ಹೆಂಗಸೊಬ್ಬಳು ಕೂತಿದ್ದಳು. ಬಂದ ಮೀನಿನಲ್ಲಿ ಒಂದಿಷ್ಟನ್ನು ಆರಿಸಿ ಅಳೆಯುವುದು ಅವಳ ಕೆಲಸ. ಎಲ್ಲರಿಗೂ ಅವಳು ಅಳತೆ ಅಕ್ಕ.

"ಬಾ ಯಾಕಮ್ಮ! ಇವತ್ತು ನಿನ್ನ ತಮ್ಮನ ಅದೃಷ್ಟ ನೋಡು. ಎಷ್ಟೋ ತಿಂಗಳಾದ ಮೇಲೆ ಒಂದು ಹಳದಿ ರೆಕ್ಕೆ ಹಿಡಿದಿದ್ದಾನೆ."

ಹಲಗೆಗಿಂತ ಉದ್ದದ ಮೀನು ಮಲಗಿತ್ತು. ಬಾಲದ ಹತ್ತಿರ ಪುಟ್ಟ ಪುಟ್ಟ ಹಳದಿ ರೆಕ್ಕೆಗಳ ಸಾಲು. ಯಾಕಮ್ಮನ ಹೆಬ್ಬೆರಳು ತಾನಾಗಿಯೇ ಅದರ ಮೈಮೇಲೆ ಹರಿಯಿತು. ಕರಕರ. ಅವಳು ಕೈ ಹಿಂದಕ್ಕೆ ತೆಗೆದಳು. ಮತ್ತೆ ಇಟ್ಟಳು. ಆಮೇಲೆ ಹಡಗಿನಿಂದ ಬಂದ ಬುಟ್ಟಿಯಲ್ಲಿ ಕೈಹಾಕಿ ಒಂದು ಮೊಳದುದ್ದದ ಮೀನು ಎತ್ತಿದಳು. ಇದೂ ಕರಕರ. ಇದಕ್ಕೂ ಬಾಲದ ಹತ್ತಿರ ಅದೇ ಹಳದಿ ಸಾಲು. ಕಾರ್ಖಾನೆಯಲ್ಲಿ ಬೆಂದು ಬರುವಾಗ ಆ ಬಣ್ಣ ಉಳಿದಿರುತ್ತಿರಲಿಲ್ಲ.

"ಅಕ್ಕಾ, ನಮ್ಮ ಹುರುಪೆ ಮರಿಗೂ ಇದಕ್ಕೂ ಏನಾದ್ರೂ ಸಂಬಂಧ ಇದೆಯಾ?"

"ಸಂಬಂಧ ಏನು ಬಂತು? ಅದೇ ಇದು, ಇದೇ ಅದು. ನಿನ್ನ ಕೈಲಿರೋದು ಮಗು. ಇದು ಸೊಂಟದೆತ್ತರ ಆದ ಮೇಲೇ ಮೊಟ್ಟೆ ಇಡೋದು. ನಿಮ್ಮ ಮೇಜಿಗೆ ಬರೋ ಹುರುಪೆ ಮರಿ ಒಂದು ಸಲವೂ ಮೊಟ್ಟೆ ಇಟ್ಟಿರಲ್ಲ."

ಗಿಡ್ಡ ಜಾತಿ ಅಂದುಕೊಂಡು ಯಾಕಮ್ಮ ಇಷ್ಟು ವರ್ಷ ಕೆರೆದದ್ದು ದೊಡ್ಡ ಮೀನಿನ ಕೂಸುಗಳನ್ನು. ತಮ್ಮನ ಗಾಳಕ್ಕೆ ಬರಬೇಕಾದ ಮೀನು ಬೆಳೆಯುವ ಮೊದಲೇ ತನ್ನ ಚೂರಿಗೆ ಬರುತ್ತಿತ್ತು. ಮೇಲಿಂದ ತಾನೇ ಅವನಿಗೆ ಹೇಳಿದ್ದಳು, ನಿನಗೆ ಹಿಡಿಯೋಕೆ ಬರಲ್ಲ ಅಂತ.

ಆದರೂ ಸುಲಭಕ್ಕೆ ಒಪ್ಪುವವಳಲ್ಲ. "ದೊಡ್ಡ ಹಡಗಿನವರಿಗೆ ದೊಡ್ಡ ಮೀನೇ ಹಿಡಿಯೋಕೆ ಏನು ಕಷ್ಟ? ಮರಿ ಯಾಕೆ ಹಿಡೀತಾರೆ?"

"ಬೇಕೂಂತ ಹಿಡಿಯಲ್ಲ. ಸಮುದ್ರದ ನಡುವೆ ತೆಪ್ಪ ತೇಲಿಬಿಡ್ತಾರೆ, ಎಲ್ಲಿದೆ ಅಂತ ತಿಳಿಸೋ ಯಂತ್ರ ಕಟ್ಟಿ. ತೇಲೋ ವಸ್ತು ಕಂಡ್ರೆ ಅದರ ಕೆಳಗೆ ಮೀನು ಸೇರುತ್ತೆ. ನುಣುಪು ಮೀನು ಬರುತ್ತೆ, ಅದರ ಜೊತೆ ಹಳದಿ ರೆಕ್ಕೆ ಮರಿಗಳೂ ಬರ್ತವೆ. ಶಾರ್ಕ್ ಬರುತ್ತೆ, ಕೆಲವು ಸಲ ಆಮೆನೂ ಬರುತ್ತೆ. ಹಡಗು ಬಂದು ಸುತ್ತಲೂ ಬಲೆ ಹಾಕಿ ಬುಡದಲ್ಲಿ ಚೀಲದ ಬಾಯಿ ಕಟ್ಟಿದ ಹಾಗೆ ಎಳೆಯುತ್ತೆ. ಬಲೆಗೆ ಮಗು, ಮುದುಕ ಅಂತ ಗೊತ್ತಾಗುತ್ತಾ? ಗಾಳ ಹಾಗಲ್ಲ. ಬೇಡದ ಮೀನು ಬಂದ್ರೆ ನಿನ್ನ ತಮ್ಮ ಬಿಡಿಸಿ ನೀರಿಗೆ ಬಿಡಬಹುದು."

ಯಾಕಮ್ಮ ತನ್ನ ಕೈಚೀಲದಿಂದ ಒಂದು ಟ್ಯೂನಾ ಡಬ್ಬಿ ತೆಗೆದಳು. ಅಮ್ಮನಿಗೆಂದು ಆಗಷ್ಟೇ ಕೊಂಡದ್ದು. "ಹಂಗಾದ್ರೆ ಇದರ ಮೇಲೆ ಡಾಲ್ಫಿನ್ ಚಿತ್ರ ಯಾಕಿದೆ? ಈ ಚಿತ್ರ ಇದ್ರೆ ಸಮುದ್ರಕ್ಕೆ ಏನೂ ಕೇಡಿಲ್ಲ ಅಂತ ನಾನು ಕೇರಿಗೆಲ್ಲ ಹೇಳಿದ್ದೀನಿ!"

"ಅದು ಮೀನು ಹಿಡಿಯುವಾಗ ಡಾಲ್ಫಿನ್‌ಗೆ ತೊಂದರೆ ಮಾಡಿಲ್ಲ ಅಂತ ಮಾತ್ರ ಹೇಳೋ ಗುರುತು. ಒಳ್ಳೇದೇ. ಆದ್ರೆ ಮರಿ ಮೀನಿನ ಬಗ್ಗೆ, ಶಾರ್ಕ್ ಬಗ್ಗೆ ಅದು ಏನೂ ಹೇಳಲ್ಲ."

ಅಷ್ಟರಲ್ಲಿ ತಮ್ಮ ಹಗ್ಗ ಸುತ್ತುತ್ತಾ ಬಂದ. ಯಾಕಮ್ಮನ ಕಣ್ಣಲ್ಲಿ ನೀರು ನೋಡಿ ಗಾಬರಿಯಾದ. ಅವಳು ಎರಡು ಮೀನನ್ನೂ ತೋರಿಸಿ, "ನಿನ್ನ ಮೀನು ನನ್ನ ಹತ್ರ ಇತ್ತು ಕಣೋ. ನಿನ್ನೆ ಬಾಯಿಗೆ ಬಂದಿದ್ದು ಆಡ್ಬಿಟ್ಟೆ, ತಪ್ಪಾಯ್ತು," ಎಂದಳು. ತಮ್ಮನಿಗೆ ಒಂದೂ ಅರ್ಥವಾಗದೆ ಅಳತೆ ಅಕ್ಕ ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ಅವತ್ತು ಸಂಜೆ ಅಳತೆ ಅಕ್ಕನನ್ನೂ ಮನೆಗೆ ಎಳೆದುಕೊಂಡು ಹೋದರು. ಎಲ್ಲ ಕೇಳಿಸಿಕೊಂಡ ಅಮ್ಮ ಮೂಗು ಮುರಿದಳು.

"ಏನಮ್ಮಾ ನೀನು ಹೇಳೋದು? ನನ್ನ ಮಗಳು ಕಾರ್ಖಾನೆ ಬಿಟ್ಟು ಮನೇಲಿ ಕೂರಬೇಕಾ? ನಾವು ಡಬ್ಬಿ ತೆಗೆಯೋದೇ ಬೇಡ್ವಾ?"

"ಅಯ್ಯೋ, ನಾನು ಹಾಗಂದ್ನಾ ಅಮ್ಮಾ? ಡಬ್ಬಿ ಮೇಲೆ ನನಗೇನು ಹಗೆ? ಡಬ್ಬಿಯೊಳಗಿರೋ ಮೀನು ಹೇಗೆ ಬಂತು ಅನ್ನೋದಷ್ಟೇ ಪ್ರಶ್ನೆ. ನುಣುಪು ಮೀನು ಬೇಗ ಬೆಳೆಯುತ್ತೆ, ಸಣ್ಣದಿರುವಾಗಲೇ ಮೊಟ್ಟೆ ಇಡುತ್ತೆ. ಅದನ್ನ ಗಾಳದಲ್ಲಿ ಹಿಡಿದು ಡಬ್ಬಿಗೆ ಹಾಕಲಿ. ಬಲೆ ಹಾಕೋದಿದ್ರೂ ತೆಪ್ಪ ಇಲ್ಲದೆ, ತಾವಾಗೇ ಗುಂಪಾಗಿ ಹೋಗೋ ಮೀನಿಗೆ ಹಾಕಲಿ. ಒಂದೊಂದು ದಿನ ಟ್ಯೂನಾ ಬದಲು ಬೂತಾಯಿ, ಬಂಗಡೆ ಡಬ್ಬಿ ತೆಗಿ. ಅವೂ ಬೇಗ ಬೆಳೆಯೋ ಮೀನು. ಆದ್ರೆ ಅವಕ್ಕೂ ಮಿತಿ ಇದೆ, ಬಾಚಿ ಬಳಿಯೋ ಹಾಗಿಲ್ಲ."

"ಗಾಳದ ಮೀನಿಗೆ ಬೇರೆ ರೇಟು ಯಾರು ಕೊಡ್ತಾರಕ್ಕ?" ಎಂದ ತಮ್ಮ. "ನಾಳೆ ದೋಣಿ ನೋಡೋಕೆ ಬರೋರಿಗೆ ನಾನೇನು ಹೇಳ್ಲಿ?"

ಅದಕ್ಕೆ ಅಮ್ಮನೇ ಹೇಳಿದಳು: "ಈ ಮಳೆಗಾಲ ಮುಗಿಯೋವರೆಗೆ ತಡೀರಿ ಅನ್ನು. ಅಷ್ಟರಲ್ಲಿ ಇವಳು ನಾಲ್ಕು ಜನರ ತಲೆ ತಿನ್ನಲಿ. ಅದೊಂದು ಕೆಲಸ ಇವಳಿಗೆ ಚೆನ್ನಾಗಿ ಬರುತ್ತೆ."

ಯಾಕಮ್ಮ ಕಾರ್ಖಾನೆಯ ಮ್ಯಾನೇಜರ್ ಹತ್ತಿರ ಹೋದಳು, ಮೇಜಿನ ಹೆಂಗಸರನ್ನೂ ಗಾಳದವರನ್ನೂ ಕಟ್ಟಿಕೊಂಡು. ಮ್ಯಾನೇಜರ್ ಕೆಟ್ಟವನಲ್ಲ. "ಗಾಳದ ಮೀನಿಗೆ ಬೇರೆ ಮೇಜು ಹಾಕಬಹುದು. ಆದ್ರೆ ಅಂಗಡಿಯವರು ಬೇಕು ಅನ್ನಬೇಕಲ್ಲ," ಎಂದ. ಅಲ್ಲಿಂದ ಸೀದಾ ಅಂಗಡಿಗೆ.

"ಈ ಟ್ಯೂನಾ ಹೇಗೆ ಹಿಡಿದಿದ್ದು?"

ಅಂಗಡಿಯವನು ಡಬ್ಬಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದ. "ಗೊತ್ತಿಲ್ಲಮ್ಮಾ. ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ."

ಮಾರನೆಯ ದಿನದಿಂದ ಕೇಳತೊಡಗಿದರು. ಮೇಜಿನ ಹೆಂಗಸರು, ಅವರ ಅತ್ತೆಯರು, ನಾದಿನಿಯರು, ಎದುರುಮನೆಯವರು. ಕೊಳ್ಳಲು ಬಂದವರೂ ಕೇಳಿದರು, ಬರೀ ದಾರಿಯಲ್ಲಿ ಹೋಗುತ್ತಿದ್ದವರೂ ಕೇಳಿದರು. "ಎಷ್ಟು ಜನಕ್ಕೆ ಅಂತ ಉತ್ತರ ಕೊಡಲಿ ನಾನು!" ಎಂದು ತಲೆ ಚಚ್ಚಿಕೊಂಡು ಅಂಗಡಿಯವನು ತನಗೆ ಡಬ್ಬಿ ತಂದುಕೊಡುವವರ ಹತ್ತಿರ ಅದೇ ಪ್ರಶ್ನೆ ಕೇಳಿದ. ಅವರು ಕಾರ್ಖಾನೆಗೆ ಕೇಳಿದರು.

ಮಳೆಗಾಲ ಕಳೆಯುವ ಹೊತ್ತಿಗೆ ಕಾರ್ಖಾನೆಯಲ್ಲಿ ಒಂದು ಮೇಜು ಗಾಳದ ಮೀನಿಗೆಂದೇ ಬೇರೆಯಾಯಿತು. ಆ ಡಬ್ಬಿಯ ಮೇಲೆ "ಗಾಳದಲ್ಲಿ ಹಿಡಿದದ್ದು" ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ರೇಟು ಸ್ವಲ್ಪ ಮೇಲು. ತಮ್ಮ ದೋಣಿ ಮಾರಲಿಲ್ಲ. ಅಮ್ಮ ಆ ಡಬ್ಬಿಯನ್ನೇ ತರುತ್ತಾಳೆ, ವಾರಕ್ಕೊಮ್ಮೆ ಬದಲಿಗೆ ಬೂತಾಯಿ ತರುತ್ತಾಳೆ. ನೆಂಟರು ಬಂದರೆ ಯಾಕಮ್ಮನಿಗಿಂತ ಮೊದಲು ಅವಳೇ ವಿಷಯ ಶುರುಮಾಡುತ್ತಾಳೆ.

ಹಳದಿ ರೆಕ್ಕೆ ಗುಂಪುಗುಂಪಾಗಿ ವಾಪಸ್ ಬಂತು ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಕೂಸು ಸೊಂಟದೆತ್ತರ ಆಗಲು ವರ್ಷಗಳು ಬೇಕು. ಉಳಿದ ಮೇಜುಗಳಿಗೆ ಹುರುಪೆ ಮರಿ ಈಗಲೂ ಬರುತ್ತಿದೆ. ಅದು ನಿಲ್ಲಬೇಕಾದರೆ ಒಂದು ಕೇರಿ ಸಾಲದು.

ಅದಕ್ಕೇ ಈ ಕಥೆ ಓದಿದ, ಕೇಳಿದ ನಿಮ್ಮ ಹತ್ತಿರ ಒಂದು ಮಾತು. ಟ್ಯೂನಾ ಡಬ್ಬಿ ಕೊಳ್ಳುವ ಮುಂಚೆ ಅದನ್ನು ತಿರುಗಿಸಿ ನೋಡಿ. ಯಾವ ಮೀನು, ಎಲ್ಲಿಯದು, ಹೇಗೆ ಹಿಡಿದದ್ದು ಎಂದು ಬರೆದಿದೆಯೇ? ಗಾಳದಲ್ಲಿ ಹಿಡಿದದ್ದು, ಇಲ್ಲವೇ ತೆಪ್ಪವಿಲ್ಲದೆ ಹಿಡಿದದ್ದು ಎಂದಿದ್ದರೆ ಅದನ್ನೇ ಆರಿಸಿ. ಏನೂ ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ಗೊತ್ತಿಲ್ಲ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಮುಂದಿನ ವಾರ ಹೋಗಿ ಮತ್ತೆ ಕೇಳಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.