ಹಿಂಗಣವಾಡಿಯ ತಿದ್ದುಪಡಿ

ಹಿಂಗಣವಾಡಿಗೆ ಬರುತ್ತಿದ್ದದ್ದು ಎರಡೇ ಎರಡು ಪೇಪರು. ಒಂದು ಕ್ಷೌರದಂಗಡಿಗೆ, ಇನ್ನೊಂದು ಶಾಲೆಗೆ. ಕ್ಷೌರದಂಗಡಿಯದು ಮಧ್ಯಾಹ್ನದೊಳಗೆ ಗಡ್ಡದ ನೊರೆ ಒರೆಸಿಕೊಂಡು ಮೂಲೆ ಸೇರುತ್ತಿತ್ತು. ಹಾಗಾಗಿ ಊರಿಗೆ ಸುದ್ದಿ ಅಂತ ಇದ್ದರೆ ಅದು ಶಾಲೆಯದು. ಬೆಳಗ್ಗೆ ಹತ್ತೂವರೆಗೆ ಗಂಟೆ ಬಾರಿಸಿದರೆ ಪರಿಪಾಠದ ಸಭೆ ಶುರು: ರಾಷ್ಟ್ರಗೀತೆ, ಪ್ರತಿಜ್ಞೆ, ಒಂದು ಸುವಿಚಾರ, ಆಮೇಲೆ ಸುದ್ದಿ, ಕೊನೆಗೆ ಪ್ರಾರ್ಥನೆ ಮತ್ತು ಎರಡು ನಿಮಿಷ ಕಣ್ಣುಮುಚ್ಚಿ ಮೌನ. ಮೈಕಿನ ಮುಂದೆ ನಿಂತು ಓದುವವರು ಮಕ್ಕಳೇ. ಹಳೆಯ ಸರಪಂಚರು ಧ್ವನಿವರ್ಧಕ ದಾನ ಕೊಡುವಾಗ ಅದರ ಬಾಯಿ ಮೈದಾನದ ಕಡೆಗಲ್ಲ, ಊರ ಕಟ್ಟೆಯ ಕಡೆಗೆ ಇರಬೇಕೆಂದು ಪಟ್ಟು ಹಿಡಿದಿದ್ದರು. ದಾನಿಯ ಹೆಸರು ದಿನಾ ಊರಿಗೆ ಕೇಳಬೇಕಲ್ಲ. ಹೆಸರಿನ ಹಿಂದೆಯೇ ದಾಳಿಂಬೆಯ ರೇಟು, ಎಸ್‌ಟಿ ಬಸ್ಸಿನ ಹೊಸ ವೇಳೆ, ದಿಲ್ಲಿಯ ಗಲಾಟೆ ಎಲ್ಲವೂ ಶಾಲೆಯ ಬೇವಿನ ಮರಕ್ಕೆ ಕಟ್ಟಿದ ಆ ಬಾಯಿಂದ ಕಟ್ಟೆಗೆ ಇಳಿಯುತ್ತಿದ್ದವು. ಕಟ್ಟೆಯ ಗಂಡಸರು ಚಹಾದ ಬಟ್ಟಲು ಹಿಡಿದು ಕೇಳುತ್ತಿದ್ದರು. ಯಾವುದೇ ವಾದ ಬಿದ್ದರೂ ಶಾಲೆಯ ಸುದ್ದಿಯಲ್ಲಿ ಬಂದಿದೆ ಎಂದರೆ ಮುಗಿಯಿತು, ಎದುರು ಮಾತಿಲ್ಲ.

ಆ ನಂಬಿಕೆ ಎಷ್ಟು ಗಟ್ಟಿ ಎಂದು ಋತುಜಾ ಬಂಡಗರಳ ಮನೆಯವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಎಂಟನೇ ತರಗತಿಯ ಒಬ್ಬ ಹುಡುಗ ಪಕ್ಕದ ತಾಲೂಕಿನ ಯಾರದೋ ನಿಧನವಾರ್ತೆಯನ್ನು ಊರಿನ ಹೆಸರು ಬಿಟ್ಟು ಓದಿಬಿಟ್ಟಿದ್ದ. ಸತ್ತವನ ಹೆಸರೂ ಗ್ಯಾನಬಾ ಬಂಡಗರ, ಋತುಜಾಳ ಅಜ್ಜನ ಹೆಸರೂ ಅದೇ. ಅಜ್ಜ ಆಗ ಕುರಿ ಹೊಡೆದುಕೊಂಡು ಗುಡ್ಡದಾಚೆ ಹೋಗಿದ್ದ. ಸಂಜೆ ಬಂದು ನೋಡಿದರೆ ಅಂಗಳದಲ್ಲಿ ಚಟ್ಟಕ್ಕೆ ಬಿದಿರು, ಮೂರು ಜೀಪು ನೆಂಟರು, ಎದೆ ಬಡಿದುಕೊಳ್ಳುತ್ತಿರುವ ಮಗಳು. ನಾನು ಇಲ್ಲೇ ಇದ್ದೇನೆ ಎಂದು ಅಜ್ಜ ಹೇಳಿದರೂ ಇಬ್ಬರು ಮುದುಕರು, ಮೈಕಿನಲ್ಲಿ ಬಂತಲ್ಲ ಎಂದು ಅವನನ್ನೇ ಗದರಿದರಂತೆ. ಮರುದಿನ ತಿದ್ದುಪಡಿ ಓದಿಸಿದರು. ಅದನ್ನು ಕೇಳಿಸಿಕೊಳ್ಳದೆ ಸಂತೆಗೆ ಹೋಗಿದ್ದವರು ಇವತ್ತಿಗೂ ಅಜ್ಜನನ್ನು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಅಂದಿನಿಂದ ಮುಖ್ಯಾಧ್ಯಾಪಕ ಇಂಗಳೆ ಸರ್ ಎರಡು ಕಾನೂನು ಮಾಡಿದರು. ಓದುವ ಸುದ್ದಿಯನ್ನೆಲ್ಲ ಮೊದಲೇ ವಹಿಯಲ್ಲಿ ಬರೆದು ಅವರ ಸಹಿ ಪಡೆಯಬೇಕು. ತಪ್ಪು ಓದಿದರೆ ಓದಿದ ಬಾಯಿಯೇ, ಅದೇ ಮೈಕಿನಲ್ಲಿ, ಮರುದಿನ ತಿದ್ದುಪಡಿ ಓದಬೇಕು. ಬೇರೆಯವರು ಓದಿದರೆ ಊರು ಒಪ್ಪುವುದಿಲ್ಲ ಎಂಬುದು ಅವರ ಅನುಭವ.

ಋತುಜಾ ಒಂಬತ್ತನೇ ತರಗತಿಯ ಮಾನಿಟರ್. ದಿನಾ ಹಾಜರಿ ಕೂಗುವವಳು ಅವಳೇ. ದೀಪಾವಳಿಯ ನಂತರ ಆ ಹಾಜರಿಯಲ್ಲಿ ಮೂರು ಹೆಸರಿಗೆ ಉತ್ತರ ಬರುವುದು ನಿಂತಿತ್ತು. ಮೂವರೂ ಹುಡುಗಿಯರು. ಮೂವರಿಗೂ ಮದುವೆಯಾಗಿತ್ತು. ಪಕ್ಕದ ವಾಡಿಯ ಹುಡುಗಿಯೊಬ್ಬಳು ಟೆಂಪೊ ಚಾಲಕನ ಜೊತೆ ಓಡಿಹೋದದ್ದೇ ನೆಪ, ಊರಿನ ಅಪ್ಪಂದಿರಿಗೆಲ್ಲ ಒಮ್ಮೆಲೇ ಚಳಿಜ್ವರ ಬಂದಂತಾಗಿತ್ತು. ಓಡಿಹೋದವಳು ಒಬ್ಬಳು, ಶಿಕ್ಷೆ ಮೂವರಿಗೆ. ರಿಜಿಸ್ಟರಿನಲ್ಲಿ ಅವರ ಮುಂದೆ 'ಸತತ ಗೈರು' ಎಂದು ಬರೆಯುತ್ತಿದ್ದರು. ಋತುಜಾ ಮಾತ್ರ ಆ ಮೂರು ಹೆಸರನ್ನು ದಿನಾ ಕೂಗುತ್ತಿದ್ದಳು, ಯಾರೂ ಓಗೊಡದಿದ್ದರೂ. ಕೂಗಬೇಡವೆಂದು ಇಂಗಳೆ ಸರ್ ಒಮ್ಮೆ ಹೇಳಿದರು. ಹೆಸರು ಇನ್ನೂ ಹಾಜರಿ ಪಟ್ಟಿಯ ಮೇಲಿದೆಯಲ್ಲ ಸರ್ ಎಂದು ಅವಳು ಮರುದಿನವೂ ಕೂಗಿದಳು.

ಫೆಬ್ರವರಿಯ ಒಂದು ಭಾನುವಾರ ಅವಳು ವಿಜ್ಞಾನದ ಹೆಚ್ಚುವರಿ ತರಗತಿಯಲ್ಲಿ ಕೂತು ಬೆಳಕಿನ ವಕ್ರೀಭವನದ ಚಿತ್ರ ಬರೆಯುತ್ತಿದ್ದಾಗ, ಸೋದರಮಾವನ ಮನೆಯಲ್ಲಿ ಅವಳ ಮದುವೆ ಗೊತ್ತಾಗಿ ಅಡಿಕೆ ಒಡೆದಾಗಿತ್ತು. ವರ ಆಟಪಾಡಿಯ ಕಡೆಯವನು, ಎರಡು ಜೆಸಿಬಿ ಇದ್ದವನು. ಅವನ ಸೋದರತ್ತೆ ಹಿಂಗಣವಾಡಿಯಲ್ಲೇ ಕಟ್ಟೆಯ ಎದುರು ಕಿರಾಣಿ ಅಂಗಡಿ ಇಟ್ಟಿದ್ದಳು. ವಾರ್ಷಿಕ ಪರೀಕ್ಷೆ ಮುಗಿದ ಮೂರನೇ ದಿನಕ್ಕೆ ಮುಹೂರ್ತ. ಪರೀಕ್ಷೆ ಮುಗಿಯಲಿ ಎಂದು ಕಾದದ್ದೇ ದೊಡ್ಡ ಉಪಕಾರ ಎಂಬಂತೆ ಎಲ್ಲರೂ ಮಾತಾಡುತ್ತಿದ್ದರು. ಅವಳಿಗೆ ತಿಳಿದದ್ದು ಸಂಜೆ, ಅವ್ವ ಸಿಂಧೂ ರವಿಕೆಯ ಅಳತೆಗೆ ಟೇಪು ಹಿಡಿದು ಎದುರು ನಿಂತಾಗ. ಆಗ ಅವಳಿಗೆ ಹದಿನೈದು ವರ್ಷ ನಾಲ್ಕು ತಿಂಗಳು.

ಅಪ್ಪ ಸೋಪಾನ ಕೆಟ್ಟವನಲ್ಲ. ಮಗಳು ಕೇಳಿದ್ದಕ್ಕೆ ಸೈಕಲ್ಲು ಕೊಡಿಸಿದವನು, ಅವಳು ಪರೀಕ್ಷೆಯಲ್ಲಿ ತರಗತಿಗೇ ಮೊದಲಿಗಳಾದಾಗ ಕಟ್ಟೆಯಲ್ಲಿ ಪೇಡೆ ಹಂಚಿದವನು. ಆದರೆ ಊರಿನ ಬಾಯಿಗೆ ಹೆದರುವ ಗಂಡಸು ಎಂಥ ಒಳ್ಳೆಯವನಾದರೂ ಮಗಳ ಉಪಯೋಗಕ್ಕೆ ಬರುವುದಿಲ್ಲ. ಹತ್ತನೇ ತರಗತಿಯ ಗತಿ ಏನೆಂದು ಅವಳು ಕೇಳಿದಾಗ ಅವನು ಎಮ್ಮೆಯ ಹಗ್ಗ ಬಿಚ್ಚುತ್ತ, ಅವಳ ಮುಖ ನೋಡದೆ ಹೇಳಿದ: "ಅವರು ಹೂಂ ಅಂದ್ರ ಅಲ್ಲಿಂದ ಪರೀಕ್ಷಾ ಬರಿ. ಹತ್ತನೇದು ಎಲ್ಲಿ ಓಡಿ ಹೋಗ್ತದ?"

ಸೋಮವಾರ ಅವಳು ಇಂಗಳೆ ಸರ್ ಬಳಿ ಹೋದಳು. ಅವರ ಮೇಜಿನ ಗಾಜಿನ ಕೆಳಗೆ, ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳ ಸಾಲಿನಲ್ಲಿ, ಆ ಮೂವರು ಹುಡುಗಿಯರವೂ ಇದ್ದವು. ಸರ್ ಮೂರೂ ಮದುವೆಗೆ ಹೋಗಿ ಅಕ್ಷತೆ ಹಾಕಿ, ಜಿಲೇಬಿ ಉಂಡು ಬಂದವರು. ಅವರು ಕನ್ನಡಕ ಒರೆಸಿದರು, ಕಾನೂನಿಗೆ ವಿರುದ್ಧ ಎಂದು ತಮಗೂ ಗೊತ್ತು ಎಂದರು, ಆದರೆ ಊರವರನ್ನು ಎದುರು ಹಾಕಿಕೊಂಡರೆ ನಾಳೆ ಶಾಲೆಗೆ ಮಕ್ಕಳನ್ನೇ ಕಳಿಸಲಿಕ್ಕಿಲ್ಲ, ಪಟಸಂಖ್ಯೆ ಇಳಿಯುತ್ತದೆ, ಅಪ್ಪನ ಹತ್ತಿರ ಸಮಾಧಾನದಿಂದ ಮಾತಾಡೋಣ ಎಂದರು. ಆ ಸಮಾಧಾನ ಯಾವಾಗ ಬರುತ್ತದೆಂದು ಹೇಳಲಿಲ್ಲ. ಋತುಜಾ ಸುದ್ದಿಯ ವಹಿ ಮುಂದಿಟ್ಟಳು. ಆ ವಾರ ಒಂಬತ್ತನೇ ತರಗತಿಯ ಪಾಳಿ, ಮಂಗಳವಾರ ಮತ್ತು ಬುಧವಾರ ಅವಳದು. ವಹಿಯಲ್ಲಿ ನಾಲ್ಕು ಸುದ್ದಿ ಇದ್ದವು. ಸರ್ ನೆಮ್ಮದಿಯಿಂದ ಸಹಿ ಹಾಕಿದರು.

ಮಂಗಳವಾರ ಸಂತೆಯ ದಿನ. ಎಂದಿನಂತೆ ತಡವಾದ ಹತ್ತೂವರೆಯ ಬಸ್ಸಿಗೆ ಕಾಯುತ್ತ ಅರ್ಧ ಊರೇ ಕಟ್ಟೆಯಲ್ಲಿತ್ತು, ಸೋಪಾನನೂ ಇದ್ದ. ಋತುಜಾ ನಾಲ್ಕು ಸುದ್ದಿಗಳನ್ನು ತಪ್ಪಿಲ್ಲದೆ ಓದಿದಳು. ದಾಳಿಂಬೆಯ ರೇಟು ಇಳಿದಿತ್ತು, ಕಾಲುವೆಗೆ ನೀರು ಶುಕ್ರವಾರ. ವಹಿ ಮುಚ್ಚಿದಳು, ಆದರೆ ಮೈಕು ಬಿಡಲಿಲ್ಲ. ಅದೇ ಸುದ್ದಿಯ ದನಿಯಲ್ಲಿ ಐದನೆಯದನ್ನು ಹೇಳಿದಳು:

"ಸ್ಥಳೀಯ ಸುದ್ದಿ. ಹಿಂಗಣವಾಡಿಯ ಸೋಪಾನ ಬಂಡಗರ ಇವರ ಮಗಳು ಋತುಜಾ, ವಯಸ್ಸು ಹದಿನೈದು, ಇವಳ ಮದುವೆ ಏಪ್ರಿಲ್ ತಿಂಗಳಿನಲ್ಲಿ ನಡೆಯಬೇಕಾಗಿತ್ತು. ಸದರಿ ಮದುವೆ ರದ್ದಾಗಿದೆ. ಸುದ್ದಿಗಳು ಮುಗಿದವು."

ಕಟ್ಟೆಯಲ್ಲಿ ಸೋಪಾನ ಚಹಾದ ಬಟ್ಟಲನ್ನು ಕೆಳಗಿಟ್ಟ. ಪಕ್ಕದವನೊಬ್ಬ, ಯಾಕೆ ಬಿಟ್ಟುಬಿಟ್ಟಿರಿ, ಹುಡುಗ ಕುಡಿಯುತ್ತಿದ್ದನೇ ಎಂದು ಕಳಕಳಿಯಿಂದ ಕೇಳಿದ. ಇನ್ನೊಬ್ಬ, ಜೆಸಿಬಿ ಅವನದ್ದಲ್ಲವಂತೆ, ನನಗೆ ಮೊದಲೇ ಸಂಶಯವಿತ್ತು ಎಂದ. ನಡೆಯದ ರದ್ದತಿಗೆ ಬಸ್ಸು ಬರುವುದರೊಳಗೆ ಐದು ಕಾರಣ ಹುಟ್ಟಿದವು. ಕಿರಾಣಿ ಅಂಗಡಿಯ ಅತ್ತೆ ಆಗಲೇ ಫೋನು ಕಿವಿಗೆ ಹಿಡಿದಿದ್ದಳು.

ಶಾಲೆಯಲ್ಲಿ ಇಂಗಳೆ ಸರ್ ಅವಳನ್ನು ಕಚೇರಿಗೆ ಕರೆದರು.

"ವಹಿಯೊಳಗ ನಾಕ ಸುದ್ದಿ ಇದ್ದುವು. ಐದನೇದು ಎಲ್ಲಿಂದ ಬಂತು?"

"ಮನಿಯಿಂದ ಸರ್. ಒಂದರೆ ಸ್ಥಳೀಯ ಸುದ್ದಿ ಇರಬೇಕು ಅಂತ ನೀವ ಹೇಳ್ತೀರಲ್ಲ."

"ಅದು ಖರೆ ಸುದ್ದಿ ಅಲ್ಲ, ಋತುಜಾ."

"ನಮ್ಮ ಅಜ್ಜ ಸತ್ತದ್ದೂ ಖರೆ ಸುದ್ದಿ ಇದ್ದಿಲ್ಲ ಸರ್. ಬಿದಿರು ತಂದಿದ್ರು."

ಸರ್‌ ಮೇಜಿನ ಗಾಜನ್ನೇ ನೋಡುತ್ತ ಕೂತರು.

ಸಂಜೆ ಮನೆಯಲ್ಲಿ ನಡೆದದ್ದನ್ನು ಓಣಿಯೆಲ್ಲ ಕೇಳಿತು. ವರನ ಕಡೆಯವರು ಒಂದೇ ಮಾತು ಹೇಳಿಕಳಿಸಿದ್ದರು: ಇದು ಹುಡುಗಿಯ ಹುಡುಗಾಟವಾದರೆ ನಾಳೆ ಅದೇ ಮೈಕಿನಲ್ಲಿ ತಿದ್ದುಪಡಿ ಬರಲಿ, ಬಾರದಿದ್ದರೆ ನಮ್ಮ ಅಡಿಕೆ ನಮಗೆ ವಾಪಸು. ಸೋದರಮಾವ ಬಂದು, ತನ್ನ ಮೂಗು ಕತ್ತರಿಸಿ ಕಟ್ಟೆಯ ಮೇಲೆ ಇಟ್ಟಳೆಂದು ಕೂಗಾಡಿ ಹೋದ. ಸೋಪಾನ ಮೊದಲ ಬಾರಿಗೆ ಮಗಳ ಮೇಲೆ ಕೈ ಎತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಬಾಗಿಲ ಚೌಕಟ್ಟಿಗೆ ಗುದ್ದಿದ. ನಾಳೆ ತಿದ್ದುಪಡಿ ಓದಬೇಕು, ತಾನೇ ಬಂದು ಬೇವಿನ ಮರದ ಕೆಳಗೆ ನಿಲ್ಲುತ್ತೇನೆ, ಓದದಿದ್ದರೆ ಆ ಕ್ಷಣದಿಂದ ಶಾಲೆ ಬಂದ್ ಎಂದ. ಓದಿದರೆ ಮದುವೆ, ಓದದಿದ್ದರೆ ಮನೆ. ಎರಡು ಕಡೆಯೂ ಬಾಗಿಲು ಹಾಕಿಯೇ ಅವನು ಮಗಳಿಗೆ ದಾರಿ ತೋರಿಸಿದ್ದ.

ಗ್ಯಾನಬಾ ಅಜ್ಜ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಈಗ ಮಗನನ್ನು ಕರೆದ.

"ಸೋಪಾನ, ನಾ ಸತ್ತೀನಿ ಅಂತ ಆ ಮೈಕ್ನಾಗ ಬಂದಾಗ ನೀನೂ ನಂಬಿ ಬಿದಿರು ಕಡಿಸಿದ್ದಿ. ಎದುರಿಗೆ ನಿಂತ ಅಪ್ಪನ ಮಾತು ನಿನ್ನ ಕಿವಿಗೆ ಹೋಗ್ಲಿಲ್ಲ. ಇವತ್ತ ಅದೇ ಮೈಕ್ನಾಗ ಮದುವಿ ಸತ್ತದ ಅಂತ ಬಂದದ. ಈಗ್ಯಾಕ ನಂಬವೊಲ್ಲಿ?"

ಸೋಪಾನ ಎಮ್ಮೆಯ ಕಡೆಗೆ ನಡೆದ. ಆ ಮನೆಯಲ್ಲಿ ಉತ್ತರ ಇಲ್ಲದಾಗಲೆಲ್ಲ ಎಮ್ಮೆಗೆ ಮೇವು ಬೀಳುತ್ತಿತ್ತು.

ಬೆಳಗ್ಗೆ ಸಿಂಧೂ ಮಗಳ ಎರಡು ಜಡೆ ಹೆಣೆದು ಕೆಂಪು ರಿಬ್ಬನ್ನು ಕಟ್ಟಿದಳು. ಎಂದಿಗಿಂತ ಬಿಗಿಯಾಗಿ ಕಟ್ಟಿದಳು. ಅವಳೂ ಅದೇ ಶಾಲೆಯಲ್ಲಿ ಎಂಟನೆಯವರೆಗೆ ಕಲಿತವಳು. ಅವಳ ಎಂಟನೆಯ ಅರ್ಧಕ್ಕೇ ಸೋಪಾನನ ಮನೆಯ ಅಡಿಕೆ ಒಡೆದಿತ್ತು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಚೀಲದಲ್ಲಿ ಇಟ್ಟಳು. ಅಳತೆಯ ಟೇಪು ಗೂಡಿನಲ್ಲಿ ಕಾಣಲಿಲ್ಲ, ಎಲ್ಲಿ ಎಂದು ಋತುಜಾ ಕೇಳಲಿಲ್ಲ. ಹೊಸ್ತಿಲು ದಾಟುವಾಗ ಅವ್ವ ಹಿಂದಿನಿಂದ ಅಷ್ಟೇ ಅಂದಳು: "ಏನ ಓದ್ತಿ ಓದು. ದನಿ ನಡುಗಬಾರದು."

ಅಂದು ಸಂತೆ ಇರಲಿಲ್ಲ, ಆದರೂ ಕಟ್ಟೆ ತುಂಬಿತ್ತು. ಕಿರಾಣಿ ಅಂಗಡಿಯ ಅತ್ತೆ ಗಿರಾಕಿಗಳನ್ನು ನಿಲ್ಲಿಸಿ, ವರನ ಮನೆಗೆ ಫೋನನ್ನು ಮೊದಲೇ ಹಚ್ಚಿ, ಬೇವಿನ ಮರದ ಕಡೆಗೆ ಹಿಡಿದು ನಿಂತಿದ್ದಳು. ಶಾಲೆಯ ಮೈದಾನದಲ್ಲಿ ಸೋಪಾನ ಮರದ ಕೆಳಗೆ ಬಂದು ನಿಂತ. ಒಗೆದ ಟೋಪಿ ಹಾಕಿಕೊಂಡಿದ್ದ. ಇಂಗಳೆ ಸರ್ ಒಂದು ಚೀಟಿ ಬರೆದು ತಂದಿದ್ದರು. ನಿನ್ನೆಯ ಸುದ್ದಿ ತಪ್ಪು, ಅದಕ್ಕೆ ವಿಷಾದಿಸುತ್ತೇವೆ, ಮದುವೆ ನಿಗದಿಯಂತೆ ನಡೆಯುತ್ತದೆ ಎಂದು ಮೂರು ಸಾಲು. ಋತುಜಾ ಅದನ್ನು ಓದಿ, ಎರಡಾಗಿ ಮಡಚಿ, ವಹಿಯೊಳಗೆ ಇಟ್ಟುಕೊಂಡಳು. ಸರ್ ಮಾಡಿದ ಕಾನೂನು ಅವಳಿಗೆ ನೆನಪಿತ್ತು: ತಿದ್ದುಪಡಿಯನ್ನು ಓದಿದ ಬಾಯಿಯೇ ಓದಬೇಕು. ಆ ಬಾಯಿ ಏನು ಓದಬೇಕೆಂದು ಕಾನೂನಿನಲ್ಲಿ ಇರಲಿಲ್ಲ.

ರಾಷ್ಟ್ರಗೀತೆ ಆಯಿತು, ಪ್ರತಿಜ್ಞೆ ಆಯಿತು. ಏಳನೇ ತರಗತಿಯವನೊಬ್ಬ ಸುವಿಚಾರವನ್ನು ಗಡಬಡಿಸಿ ಓದಿ ಮೈಕು ಬಿಟ್ಟ. ಋತುಜಾ ಮುಂದೆ ಬಂದಳು. ಅಪ್ಪನ ಕಡೆಗೆ ಒಮ್ಮೆ ನೋಡಿದಳು. ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು.

"ತಿದ್ದುಪಡಿ," ಎಂದಳು. ದನಿ ಬೇವಿನ ಮರದಿಂದ ಕಟ್ಟೆಗೆ ಹೋಗಿ, ಗೋಡೆಗೆ ಬಡಿದು ವಾಪಸು ಬಂತು. "ನಿನ್ನೆ ಓದಲಾದ ಸ್ಥಳೀಯ ಸುದ್ದಿಯಲ್ಲಿ ಒಂದು ಲೋಪವಿತ್ತು. ಋತುಜಾ ಸೋಪಾನ ಬಂಡಗರ ಇವಳ ಮದುವೆ ರದ್ದಾಗಿದೆ ಎಂದು ತಿಳಿಸಲಾಗಿತ್ತು. ರದ್ದು ಮಾಡಿದವರು ಯಾರು ಎಂದು ತಿಳಿಸಿರಲಿಲ್ಲ. ಮದುವೆಯನ್ನು ರದ್ದು ಮಾಡಿದವಳು ವಧುವೇ. ವರನಲ್ಲಿ ಯಾವ ದೋಷವೂ ಇಲ್ಲ, ಅವಳ ತಂದೆಯದ್ದೂ ಇದರಲ್ಲಿ ಕೈಯಿಲ್ಲ. ಬರುವ ಜೂನ್ ತಿಂಗಳಿನಲ್ಲಿ ಅವಳು ಇದೇ ಶಾಲೆಯ ಹತ್ತನೇ ತರಗತಿಗೆ ಕೂರಲಿದ್ದಾಳೆ. ಲೋಪಕ್ಕೆ ವಿಷಾದವಿದೆ."

ಸಾಲಿನಲ್ಲಿ ನಿಂತ ಇನ್ನೂರು ಮಕ್ಕಳೂ ಅಲುಗಾಡಲಿಲ್ಲ. ಇಂಗಳೆ ಸರ್ ಮೈಕಿನ ಕಡೆಗೆ ಎರಡು ಹೆಜ್ಜೆ ಬಂದರು. ಬಂದವರು ಅಲ್ಲೇ ನಿಂತರು. ಮೈಕಿನ ಗುಂಡಿ ಅವರ ಕೈಗೆ ಎಟಕುವಷ್ಟು ಹತ್ತಿರವಿತ್ತು. ಅವರು ಒತ್ತಲಿಲ್ಲ. ಕಟ್ಟೆಯ ಕಡೆಯಿಂದ ಯಾರೋ ಒಬ್ಬ ಮುದುಕ ಗಟ್ಟಿಯಾಗಿ ಕೆಮ್ಮುತ್ತ ನಕ್ಕದ್ದು ಕೇಳಿಸಿತು. ಅದು ತನ್ನ ಅಜ್ಜ ಎಂದು ಋತುಜಾಳಿಗೆ ಗೊತ್ತಾಯಿತು.

"ಇನ್ನು ಉಳಿದ ಸುದ್ದಿಗಳು," ಎಂದು ಅವಳು ವಹಿ ತೆರೆದಳು. ದಾಳಿಂಬೆ ಮತ್ತೆ ಎರಡು ರೂಪಾಯಿ ಇಳಿದಿತ್ತು. ಹತ್ತೂವರೆಯ ಬಸ್ಸು ಸೋಮವಾರದಿಂದ ಹತ್ತಕ್ಕೇ ಬರಲಿತ್ತು. ಎಲ್ಲವನ್ನೂ ಓದಿದಳು, ಒಂದನ್ನೂ ಬಿಡಲಿಲ್ಲ.

ಪ್ರಾರ್ಥನೆ ಮುಗಿದು ಪೀಟಿ ಸರ್ ಮೌನ ಎಂದು ಆಜ್ಞೆ ಕೊಟ್ಟರು. ಇನ್ನೂರು ಜೋಡಿ ಕಣ್ಣು ಮುಚ್ಚಿದವು, ಇನ್ನೂರು ಜೋಡಿ ಕೈ ಮುಗಿದವು. ಬೇವಿನ ಮರದ ಕೆಳಗೆ ಸೋಪಾನ ಬಾಯಿ ತೆರೆದಿದ್ದ. ಮಗಳ ಹೆಸರು ಹಿಡಿದು ಕೂಗಬೇಕೆಂದಿದ್ದನೋ, ಓಡಿ ಬಂದು ರಟ್ಟೆ ಹಿಡಿದು ಎಳೆಯಬೇಕೆಂದಿದ್ದನೋ. ಆದರೆ ಆ ಅಂಗಳದಲ್ಲಿ ಆರು ವರ್ಷ ನಿಂತು ಕಲಿತ ಮೈ ಅದು. ಆಜ್ಞೆ ಕಿವಿಗೆ ಬಿದ್ದದ್ದೇ ಅವನ ಬಾಯಿ ಮುಚ್ಚಿತು, ಕೈ ತಾನಾಗಿ ಮುಗಿಯಿತು, ಕಣ್ಣೂ ಮುಚ್ಚಿತು. ಮುಚ್ಚಿದ ಕಣ್ಣಿನ ಕೆಳಗೆ ಕೆನ್ನೆ ಒದ್ದೆಯಾಗಿತ್ತು.

ಮೈಕಿನ ಮುಂದೆ ನಿಂತ ಋತುಜಾ ಒಬ್ಬಳೇ ಕಣ್ಣು ಮುಚ್ಚಲಿಲ್ಲ. ಎರಡು ನಿಮಿಷ ಪೂರ್ತಿ ಅಪ್ಪನನ್ನೇ ನೋಡಿದಳು. ಆಮೇಲೆ ಗಂಟೆ ಹೊಡೆಯಿತು. ಅವಳು ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ಹೋಗಿ, ಮೊದಲು ಆ ಮೂರು ಹೆಸರು ಕೂಗಿದಳು. ನಾಲ್ಕನೆಯದು ತನ್ನದು. ಅದನ್ನೂ ಕೂಗಿದಳು, ತಾನೇ ಉತ್ತರ ಕೊಟ್ಟಳು.