ಯಮನೂರಮ್ಮನಿಗೊಂದು ಚರ್ಚು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ, ಹರಿದು ಹಾಕಿದ ಮೊದಲ ಪುಟಗಳಿವೆ. ಒಂದರಲ್ಲಿ ಗಂಗಾವತಿಯ ಕಾಲುವೆ ಮೇಲೆ ಬೆಳಗಿನ ಮಂಜು ಹರಡಿತ್ತು. ಆ ಮಂಜಿಗೂ ಕಥೆಗೂ ಸಂಬಂಧವೇ ಇರಲಿಲ್ಲ, ಸಾಹಿತ್ಯ ಅನ್ನಿಸಲಿ ಎಂದು ಹಾಕಿದ್ದೆ. ಇನ್ನೊಂದು, ದೇವರು ಎಂದರೇನು ಎಂಬ ಪ್ರಶ್ನೆಯಿಂದ ಎದ್ದು ಎರಡನೇ ಪ್ಯಾರಾದಲ್ಲಿ ನಿದ್ದೆ ಹೋಯಿತು.

ಓದುಗರೇ, ಇನ್ನೊಂದು ತೊಡಕೂ ಇದೆ. ಇದು ಚರ್ಚಿನ ಕಥೆ. ಬರೆಯುತ್ತಿರುವವಳ ಹೆಸರು ಮುಬಾಶಿರಾ. ಕೊಪ್ಪಳದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಚರ್ಚಿನೊಳಗೆ ಕಾಲಿಟ್ಟದ್ದು ಒಮ್ಮೆ ಮಾತ್ರ, ಅದೂ ಮದುವೆ ಊಟದ ಆಸೆಗೆ. ಆದರೆ ನಮ್ಮ ಅಬ್ಬಾ ಉರುಸಿಗೆ ಹೋಗಿ ಕವ್ವಾಲಿ ಕೇಳುತ್ತ ಕಣ್ಣೀರು ಹಾಕುವವರು. ತಮ್ಮ ಮುನವ್ವರನಿಗೆ ಅದು ಸೇರುವುದಿಲ್ಲ. ನೇರ ಸಾಲು, ಗಡಿಯಾರದ ವೇಳೆ, ಸದ್ದಿಲ್ಲದ ನಮಾಜು, ಇಷ್ಟೇ ಅವನಿಗೆ ಬೇಕು. ಇಬ್ಬರೂ ಒಂದೇ ಪಾತ್ರೆಯ ದಾಲ್ಚಾ ಉಂಡವರು. ಮನುಷ್ಯರಲ್ಲಿ ಸ್ವಭಾವ ಮೊದಲು ಹುಟ್ಟುತ್ತದೆ, ಪಂಥವನ್ನು ಆಮೇಲೆ ಅದು ತನ್ನ ಅಳತೆಗೆ ಹುಡುಕಿಕೊಳ್ಳುತ್ತದೆ ಎಂದು ನನಗೆ ಅಡುಗೆಮನೆಯಲ್ಲಿಯೇ ಹೊಳೆದಿತ್ತು. (ವಾಕ್ಯ ಉಪನ್ಯಾಸದ ಹಾಗಾಯಿತು. ವೃತ್ತಿದೋಷ, ದಾಟಿಕೊಂಡು ಬನ್ನಿ.)

ಕಥೆ ಅಂಜಲಿಯದು ಎಂದುಕೊಂಡು ಶುರು ಮಾಡಿದೆ. ಆಕೆ ನಮ್ಮ ಕಾಲೇಜಿನಲ್ಲೇ ಕೆಮಿಸ್ಟ್ರಿ ಕಲಿಸುತ್ತಾಳೆ. ದಿನವೂ ಗಂಗಾವತಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ. ಹಿಟ್ನಾಳ ಬರುವ ತನಕ ಆಕೆ ಬಾಯಿ ಬಿಡುವುದಿಲ್ಲ, ಬಿಟ್ಟರೂ ಅಳೆದು ತೂಗಿ ಎರಡು ಮಾತು. ಮೊದಲ ಪುಟಗಳನ್ನು ಆಕೆಗೆ ಬಸ್ಸಿನಲ್ಲೇ ಓದಲು ಕೊಟ್ಟೆ. ಓದಿ, ಮಡಚಿ, ನನ್ನ ತೊಡೆಯ ಮೇಲಿಟ್ಟು ಅಂದಳು:

"ಮೇಡಂ, ನನ್ನಿಂದ ಶುರು ಮಾಡಬ್ಯಾಡ್ರಿ. ನಮ್ಮವ್ವನಿಂದ ಮಾಡ್ರಿ."

೨

ಅವ್ವನ ಹೆಸರು ಯಮನೂರಮ್ಮ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಅವರು "ಊಟಕ್ಕ ಬರ್ರಿ" ಎಂದು ಕೂಗಿದರೆ ಪಕ್ಕದ ಬೀದಿಯವರಿಗೂ ಹಸಿವಾಗುತ್ತದೆ. ನಗುವುದು ಜೋರು, ಅಳುವುದು ಅದಕ್ಕಿಂತ ಜೋರು. ಯಮನೂರಿನ ಪೀರರಿಗೆ ಹರಕೆ ಹೊತ್ತು ಪಡೆದ ಮಗಳೆಂದು ಆ ಹೆಸರು. ದೀಕ್ಷಾಸ್ನಾನದ ದಿನ ಪಾಸ್ಟರು ಇನ್ನು ಮೇಲೆ ನೀನು ಮರಿಯಮ್ಮ ಎಂದಾಗ, ಹೆಸರು ಬದಲಾದರೆ ಯೇಸಪ್ಪನಿಗೆ ನನ್ನ ಗುರುತು ಹತ್ತುವುದಿಲ್ಲವೇನು ಎಂದು ಕೇಳಿ ಹಳೆಯದನ್ನೇ ಉಳಿಸಿಕೊಂಡರು.

ಅವರನ್ನು ಯೇಸಪ್ಪನ ಕಡೆಗೆ ಕರೆದೊಯ್ದದ್ದು ಗಂಡ ಬಾಲಪ್ಪನವರ ಕುಡಿತ. ರೈಸ್ ಮಿಲ್ಲಿನ ಹಮಾಲಿ, ಸಂಜೆಯಾದರೆ ನೆಲದ ಮೇಲೆ ಕಾಲು ನಿಲ್ಲದ ಮನುಷ್ಯ. ಕಾಲುವೆ ಪಕ್ಕದ ಹಳೆಯ ಭತ್ತದ ಗೋದಾಮಿನಲ್ಲಿ ಆಗ ಹೊಸದಾಗಿ ಪ್ರಾರ್ಥನೆ ಶುರುವಾಗಿತ್ತು. ಊರವರು ಅದನ್ನು ಗೋದಾಮು ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಪಾಸ್ಟರು ಬಾಲಪ್ಪನವರ ತಲೆಯ ಮೇಲೆ ಕೈಯಿಟ್ಟು, ಇವತ್ತಿಗೆ ಮುಗಿಯಿತು, ಬಿಡು ಎಂದು ಗದರಿದರು. ಬಾಲಪ್ಪ ಬಿಟ್ಟರು. ಇದರಲ್ಲಿ ಪವಾಡವೆಷ್ಟು, ಗದರಿಕೆಯೆಷ್ಟು ಎಂದು ನಾನು ಹೇಳಲಾರೆ. ಹೇಳುವವರೊಬ್ಬರಿಗಾಗಿ ಕಾಯುತ್ತಿದ್ದ ಮನುಷ್ಯನಿಗೆ ಹೇಳುವವರು ಸಿಕ್ಕಿದ್ದರು.

ಯಮನೂರಮ್ಮನಿಗೆ ಸಿಕ್ಕಿದ್ದು ಬೇರೆ. ಕೀಬೋರ್ಡು, ಚಪ್ಪಾಳೆ, ಗೋಡೆ ನಡುಗಿಸುವ ಸ್ಪೀಕರು. ಮೈಕು ಕೈಗೆ ಬಂದರೆ ಅವರ ದನಿ ಯಾರಿಗೂ ಜಾಸ್ತಿಯೆನಿಸದ ಊರಿನ ಏಕೈಕ ಜಾಗ ಅದು. ಮಗ, ಅಂಜಲಿಯ ಅಣ್ಣ ಗೋವಿಂದರಾಜ ಡ್ರಮ್ಸ್ ಕಲಿತು ವೇದಿಕೆ ಹತ್ತಿದ.

ಉಳಿದವಳು ಅಂಜಲಿ. ಗೋದಾಮಿನಲ್ಲಿ ಎಲ್ಲರೂ ಬಾಯಿ ಬಿಟ್ಟು ಪ್ರಾರ್ಥಿಸಬೇಕು. ಆಕೆ ತುಟಿ ಮಾತ್ರ ಆಡಿಸುತ್ತಿದ್ದಳು. ಒಮ್ಮೆ ಪಾಸ್ಟರು ಮೈಕನ್ನು ಆಕೆಯ ಬಾಯಿಗೇ ಹಿಡಿದರು. ಒಂದು ಶಬ್ದವೂ ಹೊರಡಲಿಲ್ಲ. ಇವಳಿಗೆ ಮೂಕ ಆತ್ಮ ಹಿಡಿದಿದೆ ಎಂದು ಎಲ್ಲರೆದುರು ಹೇಳಿದರು. ಅವ್ವನೂ ಮನೆಯಲ್ಲಿ, ಬಾಯಿ ತೆರೆದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಬೈದರು.

ಕೊಪ್ಪಳದಲ್ಲಿ ಕೆಲಸ ಸಿಕ್ಕ ಮೇಲೆ ಅಂಜಲಿ ಅಲ್ಲೊಂದು ಹಳೆಯ ಚರ್ಚು ಕಂಡುಕೊಂಡಳು. ಮರದ ಬೆಂಚು, ಅಚ್ಚಾದ ಪ್ರಾರ್ಥನೆ ಪುಸ್ತಕ, ಹೋದ ವಾರ ಹೇಳಿದ್ದೇ ಈ ವಾರವೂ. ವಾರದ ನಡುವೆ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಕೂತು ಬರುತ್ತಿದ್ದಳು; ಭಾನುವಾರ ಮಾತ್ರ ಮನೆಯವರ ಜೊತೆ ಗೋದಾಮಿಗೇ. "ಅಲ್ಲಿ ನನ್ನ ಯಾರೂ ಏನೂ ಕೇಳಲಿಲ್ರಿ, ಅದ ನನಗ ಸೇರಿತು" ಎಂದು ನನಗೆ ಹೇಳಿದ್ದಳು.

೩

ಮುಂದಿನದನ್ನು ಬರೆದು ಕೊಟ್ಟಾಗ ಅಂಜಲಿ ಪುಟವನ್ನು ಅರ್ಧಕ್ಕೇ ನಿಲ್ಲಿಸಿದಳು. ಪಾಸ್ಟರನ್ನು ನಾನು ಸಿನಿಮಾ ಖಳನಾಯಕನಂತೆ ಮಾಡಿದ್ದೆ, ಕಪ್ಪು ಕನ್ನಡಕವನ್ನೂ ತೊಡಿಸಿದ್ದೆ.

"ಭಾಳ ಕೆಟ್ಟವರನ್ನ ಮಾಡೀರಿ. ನಮ್ಮಪ್ಪ ಇವತ್ತು ಜೀವಂತ ಇರೋದು ಅವರಿಂದ. ಅದನ್ನೂ ಬರೀರಿ."

ಕನ್ನಡಕ ತೆಗೆದೆ. (ಬಾಲಪ್ಪನವರ ಕುಡಿತದ ಪ್ಯಾರಾ ಮೇಲೆ ಬಂದದ್ದು ಹೀಗೆ.) ಉಳಿದದ್ದು ನಡೆದ ಹಾಗೆಯೇ ಇದೆ.

ಗೋವಿಂದರಾಜನಿಗೆ ಚಿಕ್ಕಂದಿನಿಂದ ಫಿಟ್ಸ್. ದಿನಾ ಗುಳಿಗೆ ತಗೊಂಡರೆ ಏನೂ ಆಗುತ್ತಿರಲಿಲ್ಲ. ಕಳೆದ ವರ್ಷ ಒಂದು ಉಪವಾಸ ಕೂಟದಲ್ಲಿ ಪಾಸ್ಟರು ಅವನಿಗೆ ಪೂರ್ತಿ ವಾಸಿಯಾಯಿತೆಂದು ಘೋಷಿಸಿದರು; ಇನ್ನು ಗುಳಿಗೆ ನುಂಗಿದರೆ ದೇವರನ್ನು ಸುಳ್ಳುಗಾರ ಮಾಡಿದಂತೆ ಎಂದರು. ಅವನು ಗುಳಿಗೆ ಬಿಟ್ಟ. ಅಂಜಲಿ ಜಗಳ ಮಾಡಿದಳು, ಅಂದರೆ ತಟ್ಟೆಯ ಪಕ್ಕ ಗುಳಿಗೆ ಇಟ್ಟು ಸುಮ್ಮನೆ ನಿಂತಳು. ಅವನು ಅದನ್ನು ಸರಿಸಿ ಊಟ ಮಾಡಿದ. ಅವ್ವ ಮಗನ ಕಡೆ.

ಕೆಲವು ವಾರಗಳ ಮೇಲೆ ಒಂದು ಭಾನುವಾರ ಹಾಡಿನ ನಡುವೆ ಅವನು ಡ್ರಮ್ಸಿನ ಮೇಲೆಯೇ ಬಿದ್ದ. ಶತ್ರು ಬಿಟ್ಟು ಹೋಗುತ್ತಿದ್ದಾನೆ, ಯಾರೂ ಮುಟ್ಟಬೇಡಿ, ಇನ್ನೂ ಜೋರಾಗಿ ಹಾಡಿ ಎಂದು ಪಾಸ್ಟರು ಮೈಕಿನಲ್ಲಿ ಹೇಳಿದರು. ಜನ ಹಾಡಿದರು. ಯಮನೂರಮ್ಮನೂ ಕಣ್ಣು ಮುಚ್ಚಿ, ಕೈಯೆತ್ತಿ ಹಾಡಿದರು. ಅಂಜಲಿ ಹತ್ತಿರ ಹೋಗಿ, ಆಸ್ಪತ್ರೆಗೆ ಒಯ್ಯಬೇಕು ಎಂದಳು. ಆ ಗದ್ದಲದಲ್ಲಿ ಆಕೆಯ ದನಿ ಯಾರಿಗೆ ಕೇಳಬೇಕು?

ಆಕೆ ಗೋಡೆಯ ಹತ್ತಿರ ನಡೆದು ಹೋಗಿ ಮೇನ್ ಸ್ವಿಚ್ಚು ಕೆಳಗೆ ಎಳೆದಳು.

ಸ್ಪೀಕರು, ಕೀಬೋರ್ಡು, ಮೈಕು, ಫ್ಯಾನು ಎಲ್ಲ ಒಟ್ಟಿಗೆ ನಿಂತವು. ಹಾಡೂ ನಿಂತಿತು. ಆಗ ವೇದಿಕೆಯ ಹಲಗೆಗೆ ಗೋವಿಂದರಾಜನ ಹಿಮ್ಮಡಿ ಬಡಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಯಮನೂರಮ್ಮ ಕಣ್ಣು ತೆರೆದರು.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ತಾಯಿ ಭುಜ ಹಿಡಿದರು, ಊರಾಚೆಯ ತೆಲುಗರ ಕ್ಯಾಂಪಿನ ಸುವಾರ್ತಮ್ಮ ಎಂಬಾಕೆ ಕಾಲು ಹಿಡಿದರು, ಹೊರಗೆ ನಿಂತಿದ್ದ ಲಗೇಜ್ ಆಟೋದಲ್ಲಿ ಆಸ್ಪತ್ರೆಗೆ ಹಾಕಿದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಬಿದ್ದ ಮೇಲೆ ಮೈ ಸಡಿಲವಾಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

೪

ಇಲ್ಲಿಗೆ ಮುಗಿಸಿದ್ದರೆ ಒಳ್ಳೆಯ ಸಣ್ಣ ಕಥೆಯಾಗುತ್ತಿತ್ತು. ಮೌನಿ ಮಗಳು, ಒಂದು ಸ್ವಿಚ್ಚು, ಬದುಕಿದ ಅಣ್ಣ. ಯಾವ ಸಂಪಾದಕರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಮುಂದಿನ ಭಾನುವಾರ ಬಂತು.

ಮಗ ಉಳಿದನಲ್ಲ, ದೇವರ ಉಪಕಾರಕ್ಕೆ ಎಲ್ಲರೆದುರು ಸಾಕ್ಷಿ ಹೇಳಬೇಕೆಂದು ಯಮನೂರಮ್ಮ ಒಳ್ಳೆಯ ಸೀರೆ ಉಟ್ಟು ಗೋದಾಮಿಗೆ ಹೋದರು. ಅವರಿಗಿಂತ ಮೊದಲು ಪಾಸ್ಟರೇ ಸಾಕ್ಷಿ ಹೇಳಿದರು: ಹುಡುಗ ಪ್ರಾರ್ಥನೆಯಿಂದ ಎದ್ದ, ಆದರೆ ಅವನ ಮನೆಯಲ್ಲೇ ಕತ್ತಲೆಯ ಆತ್ಮವೊಂದಿದೆ, ದೇವರ ಆಲಯದ ಬೆಳಕು ಆರಿಸಿದ್ದು ಅದೇ. ಮಗಳನ್ನು ಕರೆತಂದು ಇಲ್ಲಿ ಮೊಣಕಾಲೂರಿಸು, ಅಲ್ಲಿಯವರೆಗೆ ಆ ಮನೆಗೆ ಯಾರೂ ಹೋಗಬಾರದು ಎಂದು, ಒಪ್ಪಿಗೆ ಹೇಳಲು ಮೈಕನ್ನು ಯಮನೂರಮ್ಮನ ಕೈಗೆ ಕೊಟ್ಟರು.

ಮೈಕನ್ನು ಅಷ್ಟು ಪ್ರೀತಿಸುತ್ತಿದ್ದ ಆ ಹೆಂಗಸು ಅದನ್ನು ಹಿಡಿದು ನಿಂತೇ ಇದ್ದರಂತೆ. ಜನ ಕಾದರು. ಕೊನೆಗೆ ಅದನ್ನು ಕುರ್ಚಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದರು.

ಅವತ್ತಿನಿಂದ ಹಾಡು ನಿಂತಿತು. ಶಾಲೆಯಲ್ಲಿ ಮಕ್ಕಳನ್ನು ಊಟಕ್ಕೆ ಕೂಗುವುದೂ ನಿಂತು, ಹೆಡ್ ಮೇಡಂ ಗಂಟೆ ಹೊಡೆಸತೊಡಗಿದರು. ಆ ವಾರ ಅಂಜಲಿ, ಹಿಟ್ನಾಳ ಇನ್ನೂ ದೂರವಿರುವಾಗಲೇ ನನ್ನ ಕಡೆ ತಿರುಗಿದಳು.

"ನಮ್ಮವ್ವ ಸುಮ್ಮ ಆಗ್ಯಾಳ್ರಿ ಮೇಡಂ. ಮನ್ಯಾಗ ಒಂದು ದಿನಾನರ ಗದ್ದಲ ಇರಬಾರದು ಅಂತ ಸಣ್ಣಾಕಿದ್ದಾಗಿಂದ ಬೇಡಿಕೊಂಡಾಕಿ ನಾನು. ಈಗ ತಡಕೊಳ್ಳಾಕ ಆಗವಲ್ದು."

ಬಾಲಪ್ಪನವರು ಮಾತ್ರ ಗೋದಾಮಿಗೆ ಹೋಗುವುದು ಬಿಡಲಿಲ್ಲ. ಮಗಳು ಕೇಳಿದಾಗ, ಬಿಟ್ಟರೆ ಮತ್ತೆ ಕುಡಿತಕ್ಕೆ ಕೈ ಹೋಗುತ್ತದೆ ಎಂದರಂತೆ.

೫

ಮುಂದೆ ನಾನು ಬರೆದದ್ದು ಸುಖಾಂತ: ಅಂಜಲಿ ತಾಯಿಯನ್ನು ತನ್ನ ಕೊಪ್ಪಳದ ಚರ್ಚಿಗೆ ಕರೆದೊಯ್ದಳು, ಯಮನೂರಮ್ಮ ಮೌನದ ಮಹಿಮೆ ಅರಿತರು. ಅಂಜಲಿ ಈ ಪುಟವನ್ನು ಮನೆಗೆ ಒಯ್ದು ತಾಯಿಗೇ ಓದಿ ಹೇಳಿದಳು. ಯಮನೂರಮ್ಮ ಕಳಿಸಿದ ಉತ್ತರ ಇದು: "ಆ ಟೀಚರ್‌ಗೆ ಹೇಳು, ನನ್ನ ಬಾಯಿ ಮುಚ್ಚಿಸಿ ಆಕಿಗೇನು ಬರ್ತದ?"

ಆದದ್ದು ಹೀಗೆ. ಮಗಳ ಜೊತೆ ಅವರು ಹೋದದ್ದು ನಿಜ. ಪುಸ್ತಕ ಹಿಡಿದು ಎಲ್ಲರಂತೆ ಎದ್ದರು, ಕೂತರು. ಮಧ್ಯೆ ಒಂದು ಕಡೆ ತಡೆಯಲಾರದೆ, ಗೋದಾಮಿನ ರೂಢಿಯಂತೆ ಜೋರಾಗಿ, "ಸ್ತೋತ್ರ" ಎಂದುಬಿಟ್ಟರು. ಎಷ್ಟೋ ದಿನಗಳ ಮೇಲೆ ಹೊರಟ ದನಿ ಅದು. ಎಲ್ಲ ತಲೆಗಳೂ ತಿರುಗಿದವು. ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಅಂಜಲಿಯನ್ನು ಪಕ್ಕಕ್ಕೆ ಕರೆದು, ಬಹಳ ಸೌಜನ್ಯದಿಂದ, ನಮ್ಮಲ್ಲಿ ಆ ಪದ್ಧತಿಯಿಲ್ಲ, ತಾಯಿಯವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಎಂದರು.

ಅಂಜಲಿಗೆ ಆಗ ಇನ್ನೊಂದು ನೆನಪಾಯಿತು. ಅಣ್ಣ ಆಸ್ಪತ್ರೆಯಲ್ಲಿದ್ದ ವಿಷಯ ಆಕೆ ಇವರಿಗೂ ತಿಳಿಸಿದ್ದಳು. ಒಬ್ಬರೂ ಬಂದಿರಲಿಲ್ಲ, ಒಂದು ಫೋನೂ ಇಲ್ಲ. ರೊಟ್ಟಿಗಂಟು ಹೊತ್ತು ಬಂದದ್ದು ಗೋದಾಮಿನ ಹೆಂಗಸರು. ಯಾರೂ ಏನೂ ಕೇಳದ ಜಾಗ ಎಂದು ತಾನು ಮೆಚ್ಚಿದ್ದ ಚರ್ಚಿಗೆ ಏನನ್ನೂ ಕೇಳುವ ಅಭ್ಯಾಸವೇ ಇರಲಿಲ್ಲ. ಅವತ್ತು ಬಸ್ಸಿನಲ್ಲಿ ತಾಯಿ ಕಿಟಕಿಯ ಕಡೆ, ಮಗಳು ಬಾಗಿಲ ಕಡೆ ನೋಡುತ್ತ ಊರಿಗೆ ಬಂದರು.

ಕುಷ್ಟಗಿಯಲ್ಲೊಂದು ಕೂಟವಿದೆ, ಸರಳ ಜನ ಎಂದು ಯಾರೋ ಹೇಳಿದರು, ಅಲ್ಲಿಗೂ ಹೋದರು. ನಿಜವಾಗಿ ಸರಳ ಜನ. ಊಟ ಹಾಕಿದರು, ಕಷ್ಟ ಕೇಳಿದರು. ಆದರೆ ಸಭೆಯಲ್ಲಿ ಹೆಂಗಸರು ದನಿ ಎತ್ತುವಂತಿಲ್ಲ. ಯಮನೂರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತರು. ಹೊರಬಂದ ಮೇಲೆ, ಇಲ್ಲಿ ನೀನು ಬಾ, ನಿನಗೆ ಸರಿಹೋಗುತ್ತದೆ ಎಂದು ಮಗಳಿಗೆ ಹೇಳಿದರಂತೆ. ಅಂಜಲಿ ನಕ್ಕಳು. ತಾಯಿಯೂ ನಕ್ಕರು. ಕುಷ್ಟಗಿ ಬಸ್‌ಸ್ಟ್ಯಾಂಡಿನ ಜನ ತಿರುಗಿ ನೋಡುವಷ್ಟು ಜೋರಾಗಿ.

(ಇದೇ ಕೊನೆಯಾಗಬಹುದಲ್ಲ ಎಂದು ಕೇಳಿದೆ. ನಗೆ ಬಂದರೆ ಕಥೆ ಮುಗಿಯುತ್ತದೇನು ಎಂದಳು ಅಂಜಲಿ. ಕೆಮಿಸ್ಟ್ರಿಯವರ ಜೊತೆ ವಾದ ಕಷ್ಟ.)

ಪಾಸ್ಟರು ಪಶ್ಚಾತ್ತಾಪಪಟ್ಟು ಮನೆ ಬಾಗಿಲಿಗೆ ಬರುವ ಅಂತ್ಯವನ್ನೂ ಬರೆದು ನೋಡಿದ್ದೇನೆ. ಅವರು ಬರಲಿಲ್ಲ. ಬಂದದ್ದು ಸುವಾರ್ತಮ್ಮ. ಹೋಗಬಾರದೆಂಬ ಅಪ್ಪಣೆಯಿದ್ದರೂ ಒಂದು ಗುರುವಾರ ಸಂಜೆ ಬಂದು, ಮಗಳ ಹೆರಿಗೆ ಹತ್ತಿರ ಬಂದಿದೆ, ನೀನು ಒಂದು ಹಾಡು ಹಾಡಿ ಪ್ರಾರ್ಥನೆ ಮಾಡು ಎಂದು ಯಮನೂರಮ್ಮನೆದುರು ಕೂತುಬಿಟ್ಟರು. ಯಮನೂರಮ್ಮ ತನ್ನಲ್ಲಿ ಹಾಡಿಲ್ಲ ಎಂದರು. ಸುವಾರ್ತಮ್ಮ ತಾನೇ ತೆಲುಗಿನಲ್ಲಿ, ಬಲು ಕೆಟ್ಟದಾಗಿ ಶುರು ಮಾಡಿದರು. ಅದನ್ನು ಕೇಳಲಾಗದೆ ಯಮನೂರಮ್ಮ ತಿದ್ದಲು ಬಾಯಿ ತೆರೆದರು. ತಿದ್ದುತ್ತ ತಿದ್ದುತ್ತ ಹಾಡು ಮುಗಿಯಿತು. ಮುಂದಿನ ಗುರುವಾರ ಇನ್ನಷ್ಟು ಹೆಂಗಸರು ಬಂದರು.

೬

ಈಗ ಗುರುವಾರ ಸಂಜೆಗಳಿಗೆ ನಾನೂ ಹೋಗುತ್ತೇನೆ. ಕಥೆಗೆ ವಿವರ ಬೇಕೆಂದು ಹೋದವಳು, ಈಗ ಅವಲಕ್ಕಿಗೆ ಹೋಗುತ್ತೇನೆ. ಮನೆಯಂಗಳದಲ್ಲಿ ಒಂದು ಚಾಪೆ, ಮೈಕಿಲ್ಲ. ಗುಳಿಗೆ ಮತ್ತೆ ಶುರು ಮಾಡಿರುವ ಗೋವಿಂದರಾಜ ಬಕೆಟ್ಟು ಬೋರಲು ಹಾಕಿಕೊಂಡು ತಾಳ ಹಾಕುತ್ತಾನೆ. ಯಮನೂರಮ್ಮನ ದನಿ ಮೊದಲಿನಷ್ಟಿಲ್ಲ, ಪಕ್ಕದ ಮನೆಯವರಿಗೆ ಸಾಕಾಗುವಷ್ಟಿದೆ. ಅಂಜಲಿ ಬಾಗಿಲ ಮೆಟ್ಟಿಲ ಮೇಲೆ, ಗುಂಪಿಗೆ ತುಸು ದೂರ, ಕೈ ಕಟ್ಟಿ ಕೂರುತ್ತಾಳೆ. ಇದು ಚರ್ಚೇ? ನಾಳೆ ಇದಕ್ಕೂ ಬೋರ್ಡು, ಸ್ಪೀಕರು, ಒಬ್ಬ ದೊಡ್ಡವರು ಬರಬಹುದೇ? ಬರಬಹುದು. ನನಗೆ ಗೊತ್ತಿಲ್ಲ, ಕಥೆಗಾರ್ತಿಗೆ ಎಲ್ಲ ಗೊತ್ತಿರುತ್ತದೆ ಎಂದು ನಂಬಬೇಡಿ.

ಹೋದ ಗುರುವಾರ ಸುವಾರ್ತಮ್ಮ, ಓದಿದಾಕೆ ನೀನು, ಇವತ್ತು ಪ್ರಾರ್ಥನೆ ನೀನೇ ಹೇಳು ಎಂದು ಅಂಜಲಿಗೆ ಗಂಟು ಬಿದ್ದರು. ಯಮನೂರಮ್ಮ ಹಾಡಿನ ಪುಸ್ತಕದಿಂದ ತಲೆ ಎತ್ತಿದರು.

"ಆಕಿಗೆ ಒತ್ತಾಯ ಮಾಡಬ್ಯಾಡ್ರಿ. ಆಕಿ ಅಲ್ಲೇ ಕೂತು ಮಾಡಾಕ ಹತ್ಯಾಳ. ನನಗ ತಡವಾಗಿ ತಿಳೀತು."

ಅಂಜಲಿ ತಲೆ ತಗ್ಗಿಸಿದಳು. ನಾನು ಆಕೆಯ ಮುಖ ನೋಡಬೇಕಿತ್ತು, ಲೇಖಕಿಯ ಕೆಲಸವೇ ಅದು. ನೋಡಲಿಲ್ಲ.

ಆಗಲೇ ಗೇಟು ಕಿರುಗುಟ್ಟಿತು. ಬಾಲಪ್ಪನವರು. ಗುರುವಾರ ಬೇಕೆಂದೇ ಮಿಲ್ಲಿನಲ್ಲಿ ಹೊತ್ತು ಕಳೆಯುವ ಮನುಷ್ಯ ಅಂಗಳಕ್ಕೆ ಬಂದು, ಒಂದು ಚಪ್ಪಲಿ ಬಿಟ್ಟು, ಇನ್ನೊಂದು ಕಾಲಲ್ಲೇ ಇಟ್ಟುಕೊಂಡು ನಿಂತರು. ಒಬ್ಬೊಬ್ಬರನ್ನಾಗಿ ನಮ್ಮನ್ನೆಲ್ಲ ನೋಡಿದರು.

"ಇಲ್ಲಿ ನನಗ ಬಿಡು ಅಂತ ಹೇಳೋರು ಯಾರು?"

ಗೋವಿಂದರಾಜನ ಕೈ ಬಕೆಟ್ಟಿನ ಮೇಲೆ ನಿಂತಿತು. ಯಮನೂರಮ್ಮ ಚಾಪೆಯ ಮೇಲೆ ತಾನು ಕೂತಲ್ಲೇ ಒಂದಿಷ್ಟು ಸರಿದರು.

"ಮದ್ಲ ಕುಂದ್ರು" ಎಂದರು.